ಸ್ಕ್ಯಾನರ್‌ಗಿಂತ ಮೊದಲು ಪೆನ್ಸಿಲ್ ಹಿಡಿಯಿರಿ

ಅಮೆರಿಕದ 1850 ಮತ್ತು 1860ರ ಜನಗಣತಿಯಲ್ಲಿ ಗುಲಾಮರ ಹೆಸರು ಬರೆಯುತ್ತಿರಲಿಲ್ಲ. ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ, ಅಷ್ಟೇ. ಅವರಲ್ಲಿ ಹೆಚ್ಚಿನವರು ಹೆಸರು ಸಮೇತ ಗಣತಿಗೆ ಬಂದದ್ದು 1870ರಲ್ಲಿ. ಹೀಗಾಗಿ ಆಫ್ರಿಕನ್ ಅಮೆರಿಕನ್ ಮನೆಯೊಂದರ ಹಳೆಯ ಫೋಟೊ, ಹಿಂಬದಿಯಲ್ಲಿ ಹೆಸರಿದ್ದರೆ, ಸರ್ಕಾರಿ ಕಡತ ಕೊಡದೇ ಹೋದದ್ದನ್ನು ಕೊಡುತ್ತದೆ. ಇಂಥ ಮನೆಯ ಫೋಟೊಗಳನ್ನು ಉಳಿಸಿಡುವ ಕೆಲಸದಲ್ಲಿ ಮೊದಲು ಬೇಕಾದ್ದು ಪೆನ್ಸಿಲ್, ಸ್ಕ್ಯಾನರ್ ಆಮೇಲೆ.

ಹೆಸರು ಕೇಳಲು ಒಳ್ಳೆಯ ಜಾಗ ಬೇಸಿಗೆಯಲ್ಲಿ ನಡೆಯುವ ಫ್ಯಾಮಿಲಿ ರಿಯೂನಿಯನ್, ಅಂದರೆ ಊರೂರಿನ ನೆಂಟರೆಲ್ಲ ಒಂದೆಡೆ ಸೇರುವ ಕೂಟ. 1910ರಿಂದ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಜನ ದಕ್ಷಿಣದ ರಾಜ್ಯಗಳನ್ನು ಬಿಟ್ಟು ಷಿಕಾಗೊ, ಡೆಟ್ರಾಯಿಟ್, ಲಾಸ್ ಏಂಜಲಿಸ್‌ಗಳತ್ತ ಹೋದರು. ಫೋಟೊ ಷಿಕಾಗೊದಲ್ಲಿದ್ದರೆ ಅದರಲ್ಲಿರುವವರನ್ನು ಗುರುತಿಸಬಲ್ಲ ಅತ್ತೆ ಮಿಸಿಸಿಪಿಯಲ್ಲಿರಬಹುದು. ಹಿರಿಯರ ಮುಂದೆ ಫೋಟೊ ಹರಡಿ, ಮೊಬೈಲಿನಲ್ಲಿ ರೆಕಾರ್ಡಿಂಗ್ ಹಾಕಿ, ಅವರನ್ನು ಮಾತಾಡಲು ಬಿಡಿ. ಕೇರಿಯವರು ಕರೆಯುತ್ತಿದ್ದ ಅಡ್ಡಹೆಸರು, ಚರ್ಚ್, ಸ್ಟುಡಿಯೊದ ಮುದ್ರೆ ಯಾವುದನ್ನೂ ಬಿಡಬೇಡಿ. ಬರೆಯುವಾಗ ಫೋಟೊ ಬೋರಲು ಹಾಕಿ, ಮೆತ್ತನೆಯ ಪೆನ್ಸಿಲಿನಿಂದ ಅಂಚಿನಲ್ಲಿ ಹಗುರವಾಗಿ ಬರೆಯಿರಿ. ಬಾಲ್‌ಪೆನ್ನಿನ ಒತ್ತು ಮುಂಬದಿಗೆ ಮೂಡುತ್ತದೆ. ನುಣುಪು ಕಾಗದಕ್ಕೆ ಪೆನ್ಸಿಲ್ ಹತ್ತದಿದ್ದರೆ ಲಕೋಟೆಯ ಮೇಲೆ ಬರೆದು ಆಮೇಲೆ ಫೋಟೊ ಒಳಗಿಡಿ.

1970ರ ದಶಕದ ಅಂಟುಹಾಳೆಯ ಆಲ್ಬಂ ಇದ್ದರೆ ಆತುರ ಬೇಡ. ಮೊದಲು ಇಡೀ ಪುಟದ ಚಿತ್ರ ತೆಗೆದುಕೊಳ್ಳಿ, ಯಾರ ಪಕ್ಕ ಯಾರನ್ನು ಇಟ್ಟಿದ್ದರೆಂಬುದೂ ಮಾಹಿತಿಯೇ. ಆಮೇಲೆ ಹಲ್ಲಿನ ಸಂದಿ ಶುಚಿಮಾಡುವ ದಾರವನ್ನು ಫೋಟೊದ ಹಿಂದೆ ಮೆಲ್ಲಗೆ ಅತ್ತಿತ್ತ ಎಳೆಯಿರಿ. ಬರದಿದ್ದರೆ ಬಿಟ್ಟುಬಿಡಿ. ಬಿಡಿಸಿದ್ದನ್ನು ಆಮ್ಲರಹಿತ ಕಾಗದದಲ್ಲಿಟ್ಟು, ಅಟ್ಟ ಮತ್ತು ನೆಲಮಾಳಿಗೆಯಿಂದ ದೂರವಿಡಿ.

ಸ್ಕ್ಯಾನ್ ಮಾಡುವುದು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ), ವಿವರ ಕಳೆಯದ ಟಿಫ್ ಫೈಲಾಗಿ, ಹಿಂಬದಿಯನ್ನೂ ಸೇರಿಸಿ. ಇಲ್ಲಿ ಒಂದು ಎಚ್ಚರ: ಬಣ್ಣ, ಬೆಳಕನ್ನು ಯಂತ್ರವೇ ತಿದ್ದುವ ಆಟೊ ಕರೆಕ್ಷನ್ ಆಫ್ ಮಾಡಿ. ಕೊಡಾಕ್ ಲ್ಯಾಬುಗಳು ಬಣ್ಣ ಹೊಂದಿಸಲು ಬಳಸುತ್ತಿದ್ದ ಮಾದರಿ ಫೋಟೊಗಳಾದ ಶರ್ಲಿ ಕಾರ್ಡುಗಳಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿ ಮಹಿಳೆಯರು. ಆ ಅಳತೆಯಲ್ಲಿ ಕಪ್ಪು ಮುಖಗಳ ವಿವರ ಮೊದಲೇ ಕಳೆದಿರುತ್ತದೆ. ಈಗ ಸಾಫ್ಟ್‌ವೇರ್ ಅದನ್ನು 'ಸರಿಪಡಿಸಲು' ಹೋಗಿ ಅಜ್ಜಿಯ ಮೈಬಣ್ಣವನ್ನೇ ತಿಳಿಮಾಡಿದರೆ ಅನ್ಯಾಯ ಎರಡನೇ ಸಲ ಆದಂತೆ. ತಿದ್ದುವುದಿದ್ದರೆ ಬೇರೆ ಪ್ರತಿಯಲ್ಲಿ ತಿದ್ದಿ.

ಹಂಚುವ ವಿಷಯದಲ್ಲಿ ಲಾಸ್ ಏಂಜಲಿಸ್ ಸಾರ್ವಜನಿಕ ಗ್ರಂಥಾಲಯದ ದಾರಿ ನನಗೆ ಬಹಳ ಇಷ್ಟ. ಕಪ್ಪು ಜನರ ನೆಲೆಯೆಂದು ಹೆಸರಾದ ವಾಟ್ಸ್ ಬಡಾವಣೆಯ ಬದುಕು ತೋರಿಸುವ ಚಿತ್ರಗಳು ಸಂಗ್ರಹದಲ್ಲಿ ತೀರಾ ಕಡಿಮೆ ಎಂದು ಗೊತ್ತಾದಾಗ, 1990ರ ದಶಕದಲ್ಲಿ 'ಶೇಡ್ಸ್ ಆಫ್ ಎಲ್.ಎ.' ಯೋಜನೆಯಡಿ ಕುಟುಂಬಗಳನ್ನೇ ಆಲ್ಬಂ ತರಲು ಕರೆದರು. ಫೋಟೊದ ನಕಲು ಗ್ರಂಥಾಲಯಕ್ಕೆ, ಮೂಲ ಮನೆಗೆ. ವಾಷಿಂಗ್ಟನ್‌ನಲ್ಲಿ 2016ರಲ್ಲಿ ತೆರೆದ ಆಫ್ರಿಕನ್ ಅಮೆರಿಕನ್ ಇತಿಹಾಸ ಮತ್ತು ಸಂಸ್ಕೃತಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯವೂ ಕುಟುಂಬಗಳ ಫೋಟೊ, ಮನೆಯ ಚಲನಚಿತ್ರಗಳನ್ನು ಡಿಜಿಟಲ್ ಮಾಡಿಕೊಡುವ ಕೆಲಸ ಮಾಡಿದೆ.

ಕೊಡುವ ಮೊದಲು ಷರತ್ತು ಬರಹದಲ್ಲಿರಲಿ: ಯಾರು ಬಳಸಬಹುದು, ಮಾರಬಹುದೇ, ಹೆಸರು ಹೇಗೆ ಹಾಕಬೇಕು. ಬದುಕಿರುವವರ ಒಪ್ಪಿಗೆ ಪಡೆಯಿರಿ. ಸ್ಟುಡಿಯೊ ಚಿತ್ರವಾದರೆ ಹಕ್ಕು ಛಾಯಾಗ್ರಾಹಕರದ್ದಿರಬಹುದು, ವಿಚಾರಿಸಿ. 2005ರಲ್ಲಿ ಕತ್ರಿನಾ ಚಂಡಮಾರುತಕ್ಕೆ ನ್ಯೂ ಆರ್ಲಿಯನ್ಸ್ ಮುಳುಗಿದಾಗ ಮನೆಗಳ ಜತೆ ಆಲ್ಬಂಗಳೂ ಹೋದವು. ಆದ್ದರಿಂದ ಒಂದು ಪ್ರತಿ ಕಂಪ್ಯೂಟರಿನಲ್ಲಿ, ಇನ್ನೊಂದು ಹಾರ್ಡ್‌ಡಿಸ್ಕಿನಲ್ಲಿ, ಮೂರನೆಯದು ಬೇರೆ ಊರಿನ ನೆಂಟರ ಮನೆಯಲ್ಲಿರಲಿ, ಹೆಸರುಗಳ ಪಟ್ಟಿಯ ಸಮೇತ.