ಕೇಕ್ ಟಿನ್, ರೋಸ್ಟಿಂಗ್ ಟ್ರೇ: ದಪ್ಪ ತಗಡು ಆರಿಸಿ, ಹಂಚಿನಂತೆ ಪಳಗಿಸಿ

ಓಟಿಜಿ (ಓವನ್, ಟೋಸ್ಟರ್, ಗ್ರಿಲ್ ಮೂರೂ ಆಗುವ ಪುಟ್ಟ ಓವನ್) ಕೊಳ್ಳುವಾಗ ನಾಲ್ಕು ಅಂಗಡಿ ತಿರುಗುತ್ತೇವೆ, ಲೀಟರ್ ಎಷ್ಟು, ವಾಟ್ ಎಷ್ಟು ಎಂದು ವಿಚಾರಿಸುತ್ತೇವೆ. ಅದರೊಳಗೆ ಇಡುವ ಟಿನ್ ಮಾತ್ರ ಕೈಗೆ ಸಿಕ್ಕಿದ್ದನ್ನು ತರುತ್ತೇವೆ. ಕೇಕಿನ ತಳ ಸೀದು ನಡು ಹಸಿಯಾಗಿ ಉಳಿದಾಗ ದೂರು ಓವನ್ ಮೇಲೆ. ಬಹಳ ಸಲ ತಪ್ಪು ತಗಡಿನದು. ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲಿನಲ್ಲಿ ಹಂಚನ್ನು ಗಮನಿಸಿ. ಕಬ್ಬಿಣ ದಪ್ಪಗಿರುವುದರಿಂದ ತಣ್ಣನೆಯ ಹಿಟ್ಟು ಬಿದ್ದರೂ ಕಾವು ಕುಸಿಯುವುದಿಲ್ಲ, ದಿನವೂ ಎಣ್ಣೆ ಕುಡಿದು ಪಳಗಿರುವುದರಿಂದ ದೋಸೆ ಅಂಟುವುದಿಲ್ಲ. ಓವನ್ ಟಿನ್ನಿಗೂ ಇದೇ ಎರಡು ಗುಣ ಬೇಕು.

ಮೊದಲು ಓವನ್ ಅಳೆಯಿರಿ

ಪೆಟ್ಟಿಗೆಯ ಮೇಲೆ ಬರೆದ ಅಳತೆ ನಂಬಬೇಡಿ, ಟೇಪ್ ಹಿಡಿದು ಒಳಗಿನ ಉದ್ದ, ಅಗಲ ಬರೆದುಕೊಳ್ಳಿ. ಟ್ರೇ ಇಟ್ಟ ಮೇಲೆ ನಾಲ್ಕೂ ಬದಿಗೆ 2–3 ಸೆಂ.ಮೀ. ಜಾಗ ಉಳಿಯಬೇಕು. ಗೋಡೆಗೆ ಗೋಡೆ ತಾಗುವ ಟ್ರೇ ಬಿಸಿಗಾಳಿ ಮೇಲೇರದಂತೆ ತಡೆಯುತ್ತದೆ. ಮೈಕ್ರೊವೇವ್ ಓವನ್ ಇರುವವರು ಲೋಹದ ಟಿನ್ನನ್ನು ಬಿಸಿಗಾಳಿಯಿಂದ ಬೇಯಿಸುವ ಕನ್ವೆಕ್ಷನ್ ಮೋಡ್‌ನಲ್ಲಿ ಮಾತ್ರ, ಅದೂ ಕಂಪನಿಯ ಕೈಪಿಡಿ ಒಪ್ಪಿದರೆ ಮಾತ್ರ ಇಡಿ.

ಅಂಗಡಿಯಲ್ಲಿ ಏನು ನೋಡಬೇಕು

ಕೇಕ್, ಬ್ರೆಡ್ಡಿಗೆ ನನ್ನ ಆಯ್ಕೆ ಸುಮಾರು 1 ಮಿ.ಮೀ. ದಪ್ಪದ, ಲೇಪವಿಲ್ಲದ ಅಲ್ಯೂಮಿನಿಯಂ. ಶಾಖ ಹರಡುವುದರಲ್ಲಿ ಅದು ಸ್ಟೇನ್‌ಲೆಸ್ ಸ್ಟೀಲ್‌ಗಿಂತ ಹತ್ತು ಪಟ್ಟಿಗೂ ಮುಂದೆ, ಹಾಗಾಗಿ ಅಂಚು, ನಡು ಒಂದೇ ಹದಕ್ಕೆ ಬೇಯುತ್ತವೆ. ತಗಡನ್ನು ಗೇಜ್ ಲೆಕ್ಕದಲ್ಲಿ ಮಾರುತ್ತಿದ್ದರೆ ನೆನಪಿಡಿ: ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ತಗಡು ದಪ್ಪ.

ದಾವಣಗೆರೆಯ ಮಂಡಿಪೇಟೆ ಕಡೆ ಖರೀದಿಗೆ ಹೋಗುವಾಗ ಕೈಚೀಲದಲ್ಲೊಂದು ಆಯಸ್ಕಾಂತ ಇರಲಿ. ಅಂಟಿದರೆ ಅದು ಅಲ್ಯೂಮಿನಿಯಂ ಅಲ್ಲ, ಕಬ್ಬಿಣ ಅಥವಾ ಉಕ್ಕು. ಆಮೇಲೆ ತಳದ ನಡುವೆ ಹೆಬ್ಬೆರಳಿಂದ ಒತ್ತಿ. ಟಕ್ ಎಂದು ಒಳಗೆ ಹೋಗಿ ಹೊರಬಂದರೆ ಆ ಟ್ರೇ 200 ಡಿಗ್ರಿಯಲ್ಲಿ ಸೊಟ್ಟಗಾಗುವುದು ಬಹುತೇಕ ಖಚಿತ. ಅಂಚು ಸುರುಳಿ ಸುತ್ತಿದೆಯೇ ನೋಡಿ, ಟ್ರೇ ತಿರುಚಿಕೊಳ್ಳದಂತೆ ಹಿಡಿಯುವುದು ಅದೇ. ಮೂಲೆಗಳು ಮಡಿಸಿದ್ದಾಗಿದ್ದರೆ ಸಂದಿಯಲ್ಲಿ ಹಿಟ್ಟು ಸೇರುತ್ತದೆ, ನೀರು ನಿಲ್ಲುತ್ತದೆ. ಒಂದೇ ತಗಡನ್ನು ಒತ್ತಿ ಮಾಡಿದ ಮೂಲೆಯೇ ತೊಳೆಯಲು ಸುಲಭ.

ಹುಣಸೆ, ಟೊಮೆಟೊ, ಮೊಸರು ಬರಿಯ ಅಲ್ಯೂಮಿನಿಯಂಗೆ ಆಗಿಬರುವುದಿಲ್ಲ. ಹುಳಿ ತಗಡನ್ನು ತಿನ್ನುತ್ತದೆ, ಅಡುಗೆಗೆ ಲೋಹದ ರುಚಿ ಬರುತ್ತದೆ. ಮಸಾಲೆಯಲ್ಲಿ ನೆನೆಸಿದ ಪನೀರ್, ಕೋಳಿಗೆ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಗಾಜಿನ ಟ್ರೇ ಇಟ್ಟುಕೊಳ್ಳಿ. ಗಾಜನ್ನು ಫ್ರಿಜ್‌ನಿಂದ ನೇರ ಬಿಸಿ ಓವನ್ನಿಗೆ ಇಟ್ಟರೆ ಒಡೆಯಬಹುದು. ನಾನ್‌ಸ್ಟಿಕ್ ಕೊಂಡರೆ 260 ಡಿಗ್ರಿ ಸೆಲ್ಸಿಯಸ್ ದಾಟಿಸಬೇಡಿ, ಮೇಲಿನ ಕಾಯಿಲ್‌ಗೆ ತೀರ ಹತ್ತಿರ ಇಡಬೇಡಿ. ಕಪ್ಪು ಟಿನ್ ಶಾಖವನ್ನು ಹೆಚ್ಚು ಹೀರುತ್ತದೆ, ಅದರಲ್ಲಿ ಬೇಯಿಸುವಾಗ ಉಷ್ಣತೆಯನ್ನು 10–15 ಡಿಗ್ರಿ ಇಳಿಸಿ.

ಗಾತ್ರಕ್ಕೆ ಒಂದೇ ಲೆಕ್ಕ ಸಾಕು. 9 ಇಂಚಿನ ದುಂಡು ಟಿನ್ನಿಗೂ 8 ಇಂಚಿನ ಚೌಕ ಟಿನ್ನಿಗೂ ತಳದ ವಿಸ್ತೀರ್ಣ ಹೆಚ್ಚುಕಡಿಮೆ ಒಂದೇ. 8 ಇಂಚಿನ ದುಂಡಿಗೆ ಹೇಳಿದ ಹಿಟ್ಟನ್ನು 6 ಇಂಚಿನದಕ್ಕೆ ಸುರಿಯಬೇಡಿ, ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಹಿಡಿಸುತ್ತದೆ.

ಹುರಿಯುವುದಕ್ಕೆ ಬೇರೆ ಟ್ರೇ ಬೇಕು: ಗಟ್ಟಿ ತಳ, 4–5 ಸೆಂ.ಮೀ. ಮೀರದ ಗೋಡೆ. ಚಳ್ಳಕೆರೆ ಸೀಮೆಯ ಶೇಂಗಾ ಇರಲಿ, ಗೆಣಸಿನ ತುಂಡು ಇರಲಿ, ಒಂದೇ ಪದರ ಹರಡಿ. ಗೋಡೆ ಎತ್ತರವಾಗಿ, ರಾಶಿ ದಪ್ಪವಾದರೆ ತೇವ ಹೊರಹೋಗದೆ ಹುರಿಯುವ ಬದಲು ಬೇಯುತ್ತದೆ.

ಉಕ್ಕಿನ ಟಿನ್ ಪಳಗಿಸುವ ಬಗೆ

ಲೇಪವಿಲ್ಲದ ಕಾರ್ಬನ್ ಸ್ಟೀಲ್ (ಸ್ಟೇನ್‌ಲೆಸ್ ಅಲ್ಲದ ಸಾದಾ ಉಕ್ಕು) ಟಿನ್ ಪಳಗಿಸಿದರೆ ವರ್ಷಗಟ್ಟಲೆ ಬಾಳುತ್ತದೆ, ಬಿಟ್ಟರೆ ತುಕ್ಕು ಹಿಡಿಯುತ್ತದೆ. ಕಾರ್ಖಾನೆಯ ಎಣ್ಣೆ ಹೋಗುವಂತೆ ಬಿಸಿನೀರು, ಸೋಪಿನಲ್ಲಿ ತೊಳೆದು ಒರೆಸಿ, 100 ಡಿಗ್ರಿಯಲ್ಲಿ ಹತ್ತು ನಿಮಿಷ ಒಣಗಿಸಿ. ಬೆಚ್ಚಗಿರುವಾಗಲೇ ಒಳಗೂ ಹೊರಗೂ ರಿಫೈನ್ಡ್ ಸೂರ್ಯಕಾಂತಿ ಎಣ್ಣೆ ಸವರಿ. ಶೇಂಗಾ ಎಣ್ಣೆಗಿಂತ ಇದು ಬೇಗ ಗಟ್ಟಿ ಪದರ ಕಟ್ಟುತ್ತದೆ. ಈಗ ಒಣ ಬಟ್ಟೆಯಿಂದ, ಎಣ್ಣೆ ಉಳಿದೇ ಇಲ್ಲ ಅನ್ನಿಸುವಷ್ಟು ಒರೆಸಿ ತೆಗೆಯಿರಿ. ಹೆಚ್ಚಿನವರು ಎಡವುವುದು ಇಲ್ಲೇ. ಎಣ್ಣೆ ಹೆಚ್ಚಾದರೆ ಪದರ ಕಟ್ಟದೆ ಜಿಗುಟಾಗುತ್ತದೆ. ಟಿನ್ನನ್ನು ಬೋರಲು ಹಾಕಿ 200–220 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಓವನ್ ಒಳಗೇ ಆರಲು ಬಿಡಿ. ಎರಡು ಮೂರು ಸಲ ಹೀಗೆ ಮಾಡಿ. ಹೊಗೆ ಏಳುತ್ತದೆ, ಕಿಟಕಿ ತೆರೆದಿರಲಿ. ನಾನ್‌ಸ್ಟಿಕ್ ಟಿನ್ನಿಗೆ ಇದು ಬೇಡ.

ನಮ್ಮ ದಾವಣಗೆರೆ ಬೆಣ್ಣೆಯ ಊರು. ಆದರೂ ಕೇಕ್ ಹಿಟ್ಟು ಸುರಿಯುವ ಮೊದಲು ಟಿನ್ನಿಗೆ ಸವರಲು ತುಪ್ಪವೇ ಮೇಲು. ಬೆಣ್ಣೆಯಲ್ಲಿ ನೀರು, ಹಾಲಿನ ಅಂಶ ಇರುವುದರಿಂದ ಅಂಟುತ್ತದೆ, ಬೇಗ ಕಪ್ಪಾಗುತ್ತದೆ.

ತೊಳೆಯುವುದು, ಎತ್ತಿಡುವುದು

ಬಿಸಿ ಟ್ರೇಯನ್ನು ನಲ್ಲಿಯ ಕೆಳಗೆ ಹಿಡಿದರೆ ಚುಂಯ್ ಎನ್ನುವುದರ ಜೊತೆಗೇ ತಳ ಸೊಟ್ಟಗಾಗುತ್ತದೆ. ಆರಲು ಬಿಡಿ, ಆಮೇಲೆ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ ಮೆತ್ತನೆಯ ಸ್ಪಂಜಿನಿಂದ ಉಜ್ಜಿ. ಪಳಗಿಸಿದ ಟಿನ್ನನ್ನು ಮಾತ್ರ ನೆನೆಹಾಕದೆ ಕೂಡಲೇ ತೊಳೆದು ಒರೆಸಿ. ವಾಷಿಂಗ್ ಸೋಡಾ ಅಲ್ಯೂಮಿನಿಯಂನ ವೈರಿ, ಅದನ್ನು ಕಪ್ಪಾಗಿಸುತ್ತದೆ. ಡಿಶ್‌ವಾಶರ್ ಪುಡಿಯೂ ಹಾಗೆಯೇ. ಕಪ್ಪಾದ ಟಿನ್ನಿನಲ್ಲಿ ನೀರಿಗೆ ನಿಂಬೆಹೋಳು ಹಾಕಿ ಹತ್ತು ನಿಮಿಷ ಕುದಿಸಿದರೆ ಹೊಳಪು ಮರಳುತ್ತದೆ.

ಬೋರ್‌ವೆಲ್ ನೀರು ಗಡಸಾಗಿರುವ ಮನೆಗಳಲ್ಲಿ ತಾನಾಗಿ ಒಣಗಲು ಬಿಟ್ಟ ಟಿನ್ನಿನ ಮೇಲೆ ಬಿಳಿ ಕಲೆ ಕೂರುತ್ತದೆ. ತೊಳೆದ ಕೂಡಲೇ ಒರೆಸಿ, ಇನ್ನೂ ಬೆಚ್ಚಗಿರುವ ಓವನ್ನಿನಲ್ಲಿ ಐದು ನಿಮಿಷ ಇಡಿ. ಸುರುಳಿ ಅಂಚಿನೊಳಗೆ ಸಿಕ್ಕ ನೀರು ಹಾಗೆಯೇ ಹೋಗುತ್ತದೆ. ಉಕ್ಕಿನ ಟಿನ್ನಿಗೆ ತುಕ್ಕು ಶುರುವಾಗುವುದು ಸಾಮಾನ್ಯವಾಗಿ ಅಲ್ಲಿಂದಲೇ. ಒಂದರೊಳಗೆ ಒಂದು ಇಡುವಾಗ ನಡುವೆ ಹಳೆಯ ಹತ್ತಿ ಬಟ್ಟೆ ಹಾಸಿ.

ಚಾಕುವಿನಿಂದ ಟ್ರೇಯಲ್ಲೇ ಕೇಕ್ ಕತ್ತರಿಸಬೇಡಿ, ಲೇಪ ಹೋಗುವುದು ಹಾಗೆ. ನಾನ್‌ಸ್ಟಿಕ್ ಪದರ ಎದ್ದ ಟಿನ್ನನ್ನು ಮತ್ತೆ ಬಳಸದೆ ಗುಜರಿಗೆ ಹಾಕಿ. ಸೊಟ್ಟಗಾದ ಬರಿ ಅಲ್ಯೂಮಿನಿಯಂ ಟ್ರೇ ಕೇಕಿಗೆ ಬಾರದಿದ್ದರೂ ಶೇಂಗಾ ಹುರಿಯಲು ಇನ್ನೂ ಬರುತ್ತದೆ.