ಹಿಮ ಬೀಳುವ ಊರಲ್ಲಿ ಮನೆಗೆ ಯಾವ ಮಾಡು?

ಅಮೆರಿಕದ ಮಿನೆಸೋಟ, ಮಿಶಿಗನ್, ಕೆನಡಾದ ಒಂಟಾರಿಯೊ ಕಡೆ ಮಾಡು ಬದಲಿಸುವವರು ಮೊದಲು ಕೇಳುವುದು ಶಿಂಗಲ್ಲೋ (ಒಂದರ ಮೇಲೊಂದು ಹೊದಿಸುವ ಡಾಂಬರು ಹಾಳೆ), ಲೋಹದ ಶೀಟೋ ಎಂದು. ಅದಕ್ಕೂ ಮುಂಚೆ ಟಾರ್ಚ್ ಹಿಡಿದು ಅಟ್ಟ ಹತ್ತಿ ನೋಡಿ. ಮನೆಯ ಬಿಸಿ ಅಟ್ಟಕ್ಕೆ ಸೋರಿದರೆ ಮಾಡಿನ ಮೇಲಿನ ಹಿಮ ಅಡಿಯಿಂದ ಕರಗುತ್ತದೆ. ಆ ನೀರು ತಣ್ಣಗಿರುವ ಸೂರಿಗೆ ಬಂದು ಮತ್ತೆ ಹೆಪ್ಪುಗಟ್ಟಿ ಅಡ್ಡಗಟ್ಟೆಯಾಗುತ್ತದೆ. ಹಿಂದೆ ನಿಂತ ನೀರು ಶಿಂಗಲ್ ಅಡಿಗೆ ನುಗ್ಗಿ ಗೋಡೆಗೆ ಇಳಿಯುತ್ತದೆ. ದುಬಾರಿ ಸಾಮಾನು ಹಾಕಿದ ಮಾತ್ರಕ್ಕೆ ಇದು ನಿಲ್ಲುವುದಿಲ್ಲ.

ಹಾಗಾಗಿ ಲೈಟು, ಪೈಪುಗಳ ಸುತ್ತಲಿನ ಸಂದು ಮುಚ್ಚಿಸಿ. ಬಚ್ಚಲಿನ ಫ್ಯಾನ್ ಗಾಳಿಯನ್ನು ಅಟ್ಟಕ್ಕಲ್ಲ, ಹೊರಗೇ ಬಿಡಬೇಕು. ಅಟ್ಟದ ಇನ್ಸುಲೇಷನ್ ಆರ್-49ರಿಂದ ಆರ್-60 ಇರಲಿ (ಆರ್ ಎಂದರೆ ಬಿಸಿ ತಡೆಯುವ ಶಕ್ತಿಯ ಅಳತೆ). ಅಟ್ಟದ 150 ಚದರಡಿಗೆ 1 ಚದರಡಿ ಗಾಳಿಕಿಂಡಿ, ಅರ್ಧ ಸೂರಿನಡಿ, ಅರ್ಧ ಮಾಡಿನ ನೆತ್ತಿಯಲ್ಲಿ.

ಆಮೇಲೆ ಇಳಿಜಾರು. 12 ಇಂಚು ಅಡ್ಡಕ್ಕೆ 2 ಇಂಚಿಗಿಂತ ಕಡಿಮೆ ಏರುವ ಮಾಡಿಗೆ ಶಿಂಗಲ್ ಬೇಡವೇ ಬೇಡ. 2ರಿಂದ 4 ಇಂಚಾದರೆ ಶಿಂಗಲ್ ಅಡಿಯ ಕೆಳಹಾಸು ಎರಡು ಪದರ ಬೇಕು. ಸೂರಿನ ಅಂಚಿನಿಂದ ಅಂಟುವ ಜಲನಿರೋಧಕ ಪಟ್ಟಿಯನ್ನು ಹೊರಗೋಡೆಯ ಒಳಮೈ ದಾಟಿ 24 ಇಂಚಿನವರೆಗೆ ಹಾಸಬೇಕು. ಉದಾಹರಣೆಗೆ, ಸೂರಿನ ಚಾಚು 18, ಗೋಡೆಯ ದಪ್ಪ 6, ಒಳಗೆ 24: ಒಟ್ಟು 48 ಇಂಚು. 6 ಇಂಚು ಏರುವ ಇಳಿಜಾರಿನ ಮೇಲೆ ಅಳೆದರೆ ಸುಮಾರು 54. ಪಟ್ಟಿಯ ಸುರುಳಿಯ ಅಗಲ 36 ಇಂಚು ಮಾತ್ರ, ಅಂದರೆ ಎರಡು ಸಾಲು. ಒಂದೇ ಸಾಲಿನಲ್ಲಿ ಮುಗಿಸುವ ಗುತ್ತಿಗೆದಾರರು ಬೇಕಾದಷ್ಟಿದ್ದಾರೆ.

ಕೈ ಬಿಗಿಯಿದ್ದರೆ ಶಿಂಗಲ್ ಸಾಕು. ಮನೆ ಮಾರುವ ಯೋಚನೆಯಿಲ್ಲದಿದ್ದರೆ ನಮ್ಮ ಮತ ಸ್ಟ್ಯಾಂಡಿಂಗ್ ಸೀಮ್ ಉಕ್ಕಿಗೆ (ಅಂಚುಗಳನ್ನು ಮೇಲಕ್ಕೆ ಮಡಿಸಿ ಒಂದಕ್ಕೊಂದು ಕೂಡಿಸುವ ಶೀಟು), 24 ಗೇಜ್ ದಪ್ಪದ್ದು. ಸ್ಕ್ರೂ ಮೇಲೆಯೇ ಕಾಣುವ ಅಗ್ಗದ ಶೀಟು ಬೇಡ. 6 ಮೀಟರ್ ಶೀಟು ಮೈನಸ್ 30ರಿಂದ ಪ್ಲಸ್ 50 ಡಿಗ್ರಿ ಸೆಲ್ಸಿಯಸ್ ನಡುವೆ ಸುಮಾರು 6 ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ವರ್ಷಗಳು ಕಳೆದಂತೆ ಸ್ಕ್ರೂ ತೂತು ಅಗಲವಾಗಿ, ರಬ್ಬರ್ ವಾಷರ್ ಒಣಗಿ ಸೋರುತ್ತದೆ. ಸ್ಟ್ಯಾಂಡಿಂಗ್ ಸೀಮ್‌ನಲ್ಲಿ ಶೀಟನ್ನು ಹಿಡಿಯುವ ಕ್ಲಿಪ್ಪುಗಳು ಮಡಿಕೆಯೊಳಗೆ ಅಡಗಿರುತ್ತವೆ, ಶೀಟು ಅವುಗಳ ಮೇಲೆ ಜಾರಾಡುತ್ತದೆ. ಉಕ್ಕಿನ ಮೇಲಿನ ಹಿಮ ಮಾತ್ರ ಒಮ್ಮೆಲೇ ಕುಸಿಯುತ್ತದೆ. ಬಾಗಿಲು, ಗ್ಯಾಸ್ ಮೀಟರ್ ಮೇಲ್ಗಡೆ ಹಿಮತಡೆ ಹಾಕಿಸಲೇಬೇಕು.

ಮಂಗಳೂರು ಹೆಂಚಿನ ಆಸೆ ಇಲ್ಲಿ ಬಿಡಿ. ನೀರು ಹೀರುವ ಹೆಂಚಿನೊಳಗೆ ನೀರು ಹೆಪ್ಪುಗಟ್ಟಿ ಶೇ. 9ರಷ್ಟು ಉಬ್ಬುತ್ತದೆ, ಹೆಂಚು ಪದರು ಪದರಾಗಿ ಕಿತ್ತು ಬರುತ್ತದೆ. ಸ್ಲೇಟ್ ಕಲ್ಲು ತಲೆಮಾರುಗಟ್ಟಲೆ ಬಾಳುತ್ತದೆ, ಆದರೆ ಚದರ ಮೀಟರಿಗೆ 35 ಕಿಲೋಗೂ ಹೆಚ್ಚು ಭಾರ. ಜಂತಿ ತಾಳುತ್ತದೆಯೇ ಎಂದು ಎಂಜಿನಿಯರ್ ಹೇಳಿದ ಮೇಲೆಯೇ ಮುಂದಿನ ಮಾತು.

ಶಿಂಗಲ್ ಆದರೆ ಸೆಪ್ಟೆಂಬರ್ ಒಳಗೆ ಕೆಲಸ ಮುಗಿಸಿ. ಅದರ ಅಂಟುಪಟ್ಟಿ ಬಿಸಿಲಿಗೆ ಕರಗಿಯೇ ಹಿಡಿಯಬೇಕು; 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹಿಡಿಯದೆ ಉಳಿದು, ಗಾಳಿಗೆ ಹಾಳೆ ಮಗುಚುತ್ತದೆ. ತಡವಾದರೆ ಪ್ರತಿ ಹಾಳೆಯಡಿ ಕೈಯಾರೆ ರೂಫಿಂಗ್ ಸಿಮೆಂಟ್ ಬೊಟ್ಟಿಡಿಸಿ, ಗಾಳಿ ಜೋರಿರುವ ಕಡೆ ನಾಲ್ಕರ ಬದಲು ಆರು ಮೊಳೆ ಹೊಡೆಸಿ. ಈ ಎರಡನ್ನೂ ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ.