ಎಎ ಮೀಟಿಂಗ್ ಹುಡುಕೋದು ಸುಲಭ, ಗೇಟ್ ದಾಟೋದು ಹೇಗೆ?

ನಮ್ಮ ದೊಡ್ಡಪ್ಪನ ಮಗ, ನಾನು ಅಣ್ಣಯ್ಯ ಅಂತ ಕರೆಯೋದು, ಮೊದಲ ಸಲ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಟ್ಟವರು, ಬಿಡ್ಬೇಕು ಅನ್ನೋರು ಸೇರೋ ಗುಂಪು) ಮೀಟಿಂಗ್‌ಗೆ ಅಂತ ಹೋದವನು ಸ್ಕೂಲ್ ಗೇಟ್ ಎದುರಿನ ಎಳನೀರು ಗಾಡಿ ಹತ್ರ ಮುಕ್ಕಾಲು ಗಂಟೆ ನಿಂತು ವಾಪಸ್ ಬಂದ. ಒಳಗೆ ಯಾವ ರೂಮು ಅಂತ ಗೊತ್ತಿಲ್ಲ, ವಾಚ್‌ಮನ್ ಹತ್ರ ಏನಂತ ಕೇಳೋದು ಅಂತ ನಾಚಿಕೆ. ಆಮೇಲೆ ಒಂದು ವರ್ಷ ಆ ಕಡೆ ತಲೆನೇ ಹಾಕಲಿಲ್ಲ. ಇಂಥದ್ದನ್ನ ಬೇರೆ ಮನೆಗಳಲ್ಲೂ ನೋಡಿದೀನಿ, ಅದಕ್ಕೇ ಇದನ್ನ ಬರೀತಿರೋದು.

ಮೊದಲು ಡಾಕ್ಟರ್. ದಿನಾ ಜಾಸ್ತಿ ಕುಡಿಯೋರು, ಬೆಳಿಗ್ಗೆ ಎದ್ದ ತಕ್ಷಣ ಕೈ ನಡುಗೋರು ಒಂದೇ ಸಲಕ್ಕೆ ಬಿಟ್ರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಅದಾದ್ಮೇಲೆ ಭ್ರಮೆ ಶುರುವಾಗಬಹುದು, ಪ್ರಾಣಕ್ಕೂ ಅಪಾಯ. ಮಾತ್ರೆ ಕೊಟ್ಟು ಬಿಡಿಸೋದು ಡಾಕ್ಟರ್ ಕೆಲಸ, ಬಿಟ್ಟಿದ್ದನ್ನ ಉಳಿಸಿಕೊಳ್ಳೋದು ಮೀಟಿಂಗ್ ಕೆಲಸ. ಬೆಂಗಳೂರಲ್ಲಿ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗ ಇದೆ. ಎಲ್ಲಿಗೆ ಹೋಗ್ಬೇಕು ಅಂತಲೇ ಗೊತ್ತಾಗದೆ ಇದ್ರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಇಲ್ಲಾ ವ್ಯಸನಮುಕ್ತಿ ಸಹಾಯವಾಣಿ 14446, ಎರಡೂ ಸರ್ಕಾರದ್ದೇ, ಫ್ರೀ.

ಇಲ್ಲೇ ಒಂದು ಮಾತು. ‘ಅವರಿಗೆ ಗೊತ್ತಾಗದ ಹಾಗೆ ಸಾರಲ್ಲಿ ಬೆರೆಸಿ ಕೊಡಿ’ ಅಂತ ಮಾರೋ ಪುಡಿಗಳನ್ನ ದಯವಿಟ್ಟು ಮುಟ್ಟಬೇಡಿ. ಒಳಗೆ ಏನಿದೆ ಅಂತ ಯಾರಿಗೂ ಗೊತ್ತಿರಲ್ಲ. ಡೈಸಲ್ಫಿರಾಂ ಅಂತ ಒಂದು ಮಾತ್ರೆ ಇದೆ, ಡಾಕ್ಟರ್ ಕೊಡ್ತಾರೆ, ಆದ್ರೆ ರೋಗಿಗೆ ಹೇಳಿಯೇ ಕೊಡ್ತಾರೆ, ಯಾಕಂದ್ರೆ ಅದರ ಮೇಲೆ ಕುಡಿದ್ರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು. ಅಂಥದ್ದನ್ನ ಕದ್ದು ಹಾಕೋದು ವಿಷ ಹಾಕಿದ ಹಾಗೇನೇ.

ಹುಡುಕೋದು ಐದು ನಿಮಿಷದ ಕೆಲಸ. ‘ಡಿ-ಅಡಿಕ್ಷನ್’ ಅಂತ ಟೈಪ್ ಮಾಡಿದ್ರೆ ದುಡ್ಡು ತಗೊಳ್ಳೋ ಸೆಂಟರ್‌ಗಳ ಜಾಹೀರಾತೇ ಮೇಲೆ ಬರುತ್ತೆ, ಅದು ಬೇರೆ ವಿಷಯ. ನೀವು ‘ಆಲ್ಕೊಹಾಲಿಕ್ಸ್ ಅನಾನಿಮಸ್ ಇಂಡಿಯಾ’ ಅಂತ ಹುಡುಕಿ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರೇ ಸೇರಿ ಶುರು ಮಾಡಿದ್ದು ಇದು, ಈಗಲೂ ನಡೆಸೋರು ಬಿಟ್ಟವರೇ. ಫೀಸ್ ಇಲ್ಲ, ಕುಡಿತ ಬಿಡ್ಬೇಕು ಅನ್ನೋ ಆಸೆ ಒಂದಿದ್ರೆ ಸಾಕು. ಯಾರಾದ್ರೂ ಅಡ್ಮಿಷನ್ ಫೀಸ್ ಕೇಳಿದ್ರೆ ಅದು ಎಎ ಅಲ್ಲ, ಫೋನ್ ಇಡಿ. ಹಳ್ಳಿ ಕಡೆ ಇದ್ರೆ ಧರ್ಮಸ್ಥಳದ ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರ ವಿಚಾರಿಸಿ. ಶಿಬಿರ ಮುಗಿದ್ಮೇಲೆ ಊರಲ್ಲೇ ನವಜೀವನ ಸಮಿತಿ ಅಂತ ಬಿಟ್ಟವರು ಸೇರ್ತಾರೆ, ನನ್ನ ಪ್ರಕಾರ ಶಿಬಿರಕ್ಕಿಂತ ಆ ಸಮಿತಿಯೇ ಮುಖ್ಯ.

ಈಗ ಎಲ್ಲರೂ ಎಡವೋ ಜಾಗ: ಫೋನ್. ಎಎ ಸೈಟಿನ ಲಿಸ್ಟಲ್ಲಿರೋ ವಿಳಾಸ ನೋಡ್ಕೊಂಡು ನೇರ ಹೋಗ್ಬೇಡಿ. ಮೀಟಿಂಗ್‌ಗಳು ಬಹಳಷ್ಟು ಸ್ಕೂಲು, ಚರ್ಚು, ಆಸ್ಪತ್ರೆ ರೂಮಲ್ಲಿ ನಡೀತವೆ, ಜಾಗ ಬದಲಾಗಿರುತ್ತೆ, ಹಬ್ಬ ಅಂತ ಬೀಗ ಹಾಕಿರ್ತಾರೆ. ಅಲ್ಲಿರೋ ನಂಬರಿಗೆ ಫೋನ್ ಮಾಡ್ಬೇಕು, ಅದೂ ಕುಡಿಯೋ ವ್ಯಕ್ತಿನೇ ಮಾಡ್ಬೇಕು. ಹೆಂಡ್ತಿ, ಅಮ್ಮ ನಂಬರ್ ಒತ್ತಿ ಕೊಡಲಿ, ಮಾತು ಅವನದೇ ಇರಲಿ, ಯಾಕಂದ್ರೆ ಆ ಕಡೆ ಎತ್ತೋರೂ ಒಂದು ಕಾಲದಲ್ಲಿ ಹೀಗೇ ನಡುಗೋ ಕೈಲಿ ಫೋನ್ ಹಿಡಿದಿದ್ದೋರು, ಅವರ ‘ಹೇಳಿ ಸಾರ್, ನಾನೂ ಹಾಗೇ ಇದ್ದೆ’ ಅನ್ನೋ ಮಾತು ಇವನ ಕಿವಿಗೇ ಬೀಳ್ಬೇಕು. ಬೆಳಿಗ್ಗೆ ಮಾಡಿ. ‘ಸಾರ್, ಕುಡಿತ ಬಿಡ್ಬೇಕು ಅಂತಿದೀನಿ, ಹತ್ರ ಮೀಟಿಂಗ್ ಎಲ್ಲಿದೆ’ ಅಂದ್ರೆ ಸಾಕು, ಕಥೆ ಎಲ್ಲ ಬೇಡ. ಆಮೇಲೆ ಕೇಳ್ಬೇಕಾದ್ದು: ಈ ವಾರ ಇದೆಯಾ, ಕನ್ನಡದಲ್ಲಿ ಮಾತಾಡ್ತಾರಾ (ಬೆಂಗಳೂರಲ್ಲಿ ಇಂಗ್ಲಿಷ್, ತಮಿಳು ಗ್ರೂಪ್‌ಗಳೂ ಇವೆ), ಓಪನ್ ಮೀಟಿಂಗಾ ಕ್ಲೋಸ್ಡಾ. ಓಪನ್ ಅಂದ್ರೆ ಮನೆಯವರೂ ಕೂರಬಹುದು, ಕ್ಲೋಸ್ಡ್ ಅಂದ್ರೆ ಕುಡಿತದ ಸಮಸ್ಯೆ ಇರೋರು ಮಾತ್ರ. ಕೊನೇಗೆ ಇದೊಂದನ್ನ ಕೇಳದೆ ಇಡಲೇಬೇಡಿ: ‘ಗೇಟ್ ಹತ್ರ ಯಾರಾದ್ರೂ ನಿಂತಿರ್ತೀರಾ ಸಾರ್?’ ಖುಷಿಯಿಂದ ಬರ್ತಾರೆ. ಅಣ್ಣಯ್ಯ ಎರಡನೇ ಸಲ ಒಳಗೆ ಹೋಗಿದ್ದು ಇದರಿಂದಲೇ.

ಹತ್ತು ನಿಮಿಷ ಮುಂಚೆ ಹೋಗಿ, ಲೇಟಾದ್ರೆ ಕಾಲು ಹಿಂದಕ್ಕೇ ಎಳೆಯುತ್ತೆ. ಚರ್ಚ್ ಕಾಂಪೌಂಡ್ ಅಂತ ಹೆದರ್ಬೇಡಿ, ಜಾಗ ಅಷ್ಟೇ ಅವರದು, ಎಎ ಯಾವ ಧರ್ಮಕ್ಕೂ ಸೇರಿದ್ದಲ್ಲ.

ಒಳಗೆ ಅಂಥದ್ದೇನೂ ಇರಲ್ಲ. ನಾನು ಓಪನ್ ಮೀಟಿಂಗಲ್ಲಿ ಕೂತಾಗ ಬೋರ್ಡ್ ಮೇಲೆ ಮಕ್ಕಳ ಮಗ್ಗಿ ಹಾಗೇ ಇತ್ತು, ಮೂಲೇಲಿ ಸ್ಟೀಲ್ ಫ್ಲಾಸ್ಕಲ್ಲಿ ಟೀ, ಒಬ್ಬೊಬ್ಬರೇ ಎದ್ದು ಹೆಸರು ಹೇಳಿ ತಮ್ಮ ಕಥೆ ಹೇಳೋರು. ಮನೆತನದ ಹೆಸರು ಬೇಡ, ಕೆಲಸ ಏನು ಅಂತ ಯಾರೂ ಕೇಳಲ್ಲ, ಮಾತಾಡೋಕೆ ಆಗದೆ ಇದ್ರೆ ‘ಇವತ್ತು ಕೇಳ್ತೀನಿ’ ಅಂದ್ರೆ ಮುಗೀತು. ಕಾಣಿಕೆ ಚೀಲ ಬಂದ್ರೆ ಹೊಸಬರು ಹಾಕ್ಲೇಬೇಕಿಲ್ಲ.

ಮನೆಯವರಿಗೆ ಅಲ್-ಅನಾನ್ ಅಂತ ಬೇರೆ ಗುಂಪೇ ಇದೆ, ಅವನು ಬರಲಿ ಬಿಡಲಿ ನೀವು ಹೋಗಿ. ಹೆಣ್ಣುಮಕ್ಕಳಿಗೆ ಗಂಡಸರ ಮಧ್ಯೆ ಕೂರೋದು ಕಷ್ಟ ಅನಿಸಿದ್ರೆ ಫೋನಲ್ಲೇ ಹೇಳಿ, ಹೆಂಗಸರದ್ದೇ ಆನ್‌ಲೈನ್ ಮೀಟಿಂಗ್‌ಗಳಿವೆ. ಆದ್ರೆ ಎದುರು ಕೂರೋಕೆ ಆಗೋರು ಜೂಮ್ ಸಾಕು ಅನ್ಕೋಬೇಡಿ, ವಿಡಿಯೋ ಆಫ್ ಮಾಡಿ ಜಾರಿಕೊಳ್ಳೋದು ತುಂಬಾ ಸುಲಭ.

ಒಂದು ಗ್ರೂಪ್ ಹಿಡಿಸಲಿಲ್ಲ ಅಂದ್ರೆ ಕನಿಷ್ಠ ಇನ್ನೆರಡು ಗ್ರೂಪ್ ನೋಡಿ. ನಡುವೆ ಕುಡಿದುಬಿಟ್ರೂ ಮತ್ತೆ ಹೋಗಿ, ಯಾರೂ ಬೈಯಲ್ಲ. ಮೀಟಿಂಗ್ ಮುಗಿದ ತಕ್ಷಣ ಓಡಬೇಡಿ, ಟೀ ಕುಡಿಯೋವಾಗ ಇಬ್ಬರ ನಂಬರ್ ಈಸ್ಕೊಳ್ಳಿ, ಸಂಜೆ ಆಸೆ ಹುಟ್ಟಿದಾಗ ಬಾಟಲಿಗೆ ಮುಂಚೆ ಆ ನಂಬರ್. ಅಣ್ಣಯ್ಯನ ಫೋನಲ್ಲಿ ಈಗಲೂ ಒಂದು ಹೆಸರು ‘ಗೇಟ್ ಸಾರ್’ ಅಂತಲೇ ಸೇವ್ ಆಗಿದೆ.